ದನದ ಹೊಟ್ಟೆಯುಬ್ಬರವೂ ಏದುಸಿರೂ

ದನ ಕತ್ತು ಚಾಚಿ, ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಎದೆಗೆ ಏನೋ ಆಗಿದೆಯೆಂದು ತಿಳಿಯುವುದು ಸಹಜ. ಆಗ ಮೊದಲು ನೋಡತಕ್ಕದ್ದು ಎಡಪಕ್ಕೆಯ ಹಿಂದಿನ ಕುಳಿಯನ್ನು. ಆ ತಗ್ಗು ತುಂಬಿ ಉಬ್ಬಿದ್ದು, ಬೆರಳಿನಿಂದ ತಟ್ಟಿದರೆ ಡೊಳ್ಳಿನಂತೆ ಸದ್ದಾದರೆ ರೋಗದ ಮೂಲ ಹೊಟ್ಟೆಯಲ್ಲಿದೆ.

ದೊಡ್ಡ ಆಕಳಿನ ಮೊದಲ ಹೊಟ್ಟೆಯಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ಮೇವು ಹುದುಗಿ ಹುಟ್ಟುವ ವಾಯು ತೇಗಿನೊಡನೆ ಹೊರಬೀಳಬೇಕು. ಹಸಿದ ದನ ಎಳೆಯ ಕುದುರೆ ಮಸಾಲೆಯನ್ನು ಇಬ್ಬನಿ ಸಹಿತ ಗಬಗಬನೆ ತಿಂದರೆ ವಾಯು ನೊರೆಯಲ್ಲಿ ಸಿಕ್ಕಿಕೊಂಡು ತೇಗು ನಿಲ್ಲುತ್ತದೆ. ಉಬ್ಬಿದ ಹೊಟ್ಟೆ ವಪೆಯನ್ನು ಮುಂದಕ್ಕೊತ್ತುತ್ತದೆ. ಪುಪ್ಪುಸಗಳಿಗೆ ಹಿಗ್ಗಲು ಎಡೆಯಿರುವುದಿಲ್ಲ. ಕೆಲವೇ ತಾಸುಗಳಲ್ಲಿ, ಒಮ್ಮೊಮ್ಮೆ ಅದಕ್ಕೂ ಮೊದಲೇ, ದನ ಉಸಿರುಕಟ್ಟಿ ಸಾಯುತ್ತದೆ. ಒಂದು ಎತ್ತು ಹೋದರೆ ಜೋಡಿಯೇ ಹೋದಂತೆ; ಹಿಂಗಾರಿ ಬಿತ್ತಿಗೆ ಯಾರ ಬಾಗಿಲಿಗೆ ಹೋಗಬೇಕು?

ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಅವರು ಬರುವವರೆಗೆ ದನವನ್ನು ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡವಾಗಿ ಕೋಲು ಕಟ್ಟಿದರೆ ಜೊಲ್ಲು ಸುರಿದು ತೇಗು ಬರಲು ಅನುಕೂಲ. ನೊರೆ ಒಡೆಯಲು ಅರ್ಧ ಲೀಟರಿನವರೆಗೆ ಶೇಂಗಾ ಎಣ್ಣೆ ಕುಡಿಸುವುದುಂಟು. ಆದರೆ ಗೊಟ್ಟ ಹಿಡಿದವರ ಅವಸರಕ್ಕೆ ನಾವು ಅಂಜುತ್ತೇವೆ. ತಲೆಯನ್ನು ಬಹಳ ಎತ್ತಿ, ನಾಲಿಗೆ ಎಳೆದು ಹಿಡಿದರೆ ಎಣ್ಣೆ ಶ್ವಾಸನಾಳಕ್ಕಿಳಿದು ಇನ್ನೊಂದು ರೋಗ ಹುಟ್ಟೀತು. ನೆಲಕ್ಕೊರಗಿದ ದನಕ್ಕಂತೂ ಏನನ್ನೂ ಕುಡಿಸಕೂಡದು. ಪಕ್ಕೆಗೆ ಕೊಳವೆಸೂಜಿ ಚುಚ್ಚಿ ವಾಯು ಬಿಡುವುದು ವೈದ್ಯರ ಕೆಲಸ.

ನಾವು ಕುದುರೆ ಮಸಾಲೆಯನ್ನು ಕೊಯ್ದು ಬಾಡಿಸಿ, ಮೊದಲು ಜೋಳದ ಕಣಿಕೆ ತಿನ್ನಿಸಿದ ಮೇಲೆಯೇ ಹಾಕುತ್ತೇವೆ.