ಎಚ್-1ಬಿ ನೌಕರರ ಸಂಗಾತಿಗೆ ಉದ್ಯೋಗಾನುಮತಿ: ವರ್ತಕ ಕುಟುಂಬಗಳು ತಿಳಿದಿರಬೇಕಾದ ಅಂಶಗಳು

ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಕುಟುಂಬಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವುದು ಈಗ ಅಪರೂಪದ ಸಂಗತಿಯಲ್ಲ. ಅವರ ವಿದ್ಯಾಭ್ಯಾಸಕ್ಕಾಗಿ ಮಾಡಿದ ಸಾಲ, ಆ ಸಾಲಕ್ಕೆ ಆಧಾರವಾಗಿಟ್ಟ ಅಂಗಡಿ ಅಥವಾ ಉಗ್ರಾಣ, ಪಾಲುದಾರಿಕೆ ಸಂಸ್ಥೆಯಲ್ಲಿ ಮಗಳು ಅಥವಾ ಸೊಸೆಯ ಹೆಸರಿನಲ್ಲಿರುವ ಪಾಲು, ಇವೆಲ್ಲವೂ ಊರಿನ ವ್ಯವಹಾರಕ್ಕೆ ಸೇರಿದ ವಿಷಯಗಳೇ. ಆದ್ದರಿಂದ ಮೇಲ್ನೋಟಕ್ಕೆ ವಲಸೆ ಕಾನೂನಿಗೆ ಮಾತ್ರ ಸಂಬಂಧಿಸಿದಂತೆ ತೋರುವ ಈ ವಿಷಯವನ್ನು ವ್ಯಾಪಾರಿಗಳ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆನಿಸುತ್ತದೆ.

ತಿಪಟೂರು ಕಡೆಯ ಕೊಬ್ಬರಿ ವರ್ತಕರೊಬ್ಬರು ತಮ್ಮ ಉಗ್ರಾಣವನ್ನು ಅಡಮಾನವಿಟ್ಟು ಮಗಳ ಉನ್ನತ ವ್ಯಾಸಂಗಕ್ಕೆ 40 ಲಕ್ಷ ರೂಪಾಯಿ ಸಾಲ ಪಡೆದಿದ್ದರು. ಮಗಳು ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೆಲಕಾಲ ಉದ್ಯೋಗವನ್ನೂ ಮಾಡಿದರು. ಆದರೆ ಲಾಟರಿಯಲ್ಲಿ ಅವರಿಗೆ ಎಚ್-1ಬಿ ದೊರೆಯಲಿಲ್ಲ. ಅಷ್ಟರಲ್ಲಿ ಎಚ್-1ಬಿ ಹೊಂದಿದ್ದ ವರನೊಂದಿಗೆ ವಿವಾಹವಾಗಿ, ಅವಲಂಬಿತರ ಎಚ್-4 ವರ್ಗಕ್ಕೆ ಬದಲಾದರು. ನಮ್ಮ ಕಚೇರಿಗೆ ಬಂದಾಗ ಆ ವರ್ತಕರು ಕೇಳಿದ ಪ್ರಶ್ನೆ ಇದು: "ಅಳಿಯಂದಿರಿಗೆ ಎಚ್-1ಬಿ ಇದೆಯಲ್ಲ ಸ್ವಾಮಿ, ಮಗಳು ಕೆಲಸ ಮಾಡುವುದಕ್ಕೆ ಅಡ್ಡಿ ಏನು?"

ಅಡ್ಡಿ ಇತ್ತು. ಮಗಳ ಸಂಬಳದಿಂದ ಸಾಲದ ಕಂತು ಸಲ್ಲುತ್ತದೆಂದು ಹಾಕಿದ್ದ ಲೆಕ್ಕ ತಪ್ಪಿತು. ಶೇಕಡಾ 11ರ ಬಡ್ಡಿಯಂತೆ 10 ವರ್ಷಗಳ ಅವಧಿಗೆ 40 ಲಕ್ಷ ರೂಪಾಯಿ ಸಾಲದ ಮಾಸಿಕ ಕಂತು ಸುಮಾರು 55,100 ರೂಪಾಯಿ. ಇದನ್ನು ಅವರು ವ್ಯಾಪಾರದ ದುಡಿಯುವ ಬಂಡವಾಳದಿಂದಲೇ ತೆಗೆದು ಕಟ್ಟಬೇಕಾಯಿತು. ಹಂಗಾಮಿನ ಖರೀದಿ ಆ ಮಟ್ಟಿಗೆ ಕುಗ್ಗಿತು. ಮದುವೆಯ ಮಾತುಕತೆಯ ಕಾಲದಲ್ಲಿಯೇ ಒಂದೆರಡು ಪ್ರಶ್ನೆಗಳನ್ನು ಕೇಳಿದ್ದರೆ ಈ ಇಕ್ಕಟ್ಟಿಗೆ ಮುಂಚಿತವಾಗಿ ಸಿದ್ಧರಾಗಬಹುದಿತ್ತು.

ವೀಸಾ ಬೇರೆ, ಉದ್ಯೋಗಾನುಮತಿ ಬೇರೆ

ಎಚ್-1ಬಿ ಎಂಬುದು ವಿಶೇಷ ಪರಿಣತಿಯ ಹುದ್ದೆಗಳಿಗಾಗಿ ನೀಡುವ ತಾತ್ಕಾಲಿಕ ಉದ್ಯೋಗ ವರ್ಗ. ಇದನ್ನು ಒಮ್ಮೆಗೆ ಗರಿಷ್ಠ 3 ವರ್ಷಗಳಿಗೆ ನೀಡಲಾಗುತ್ತದೆ; ಸಾಮಾನ್ಯವಾಗಿ ಒಟ್ಟು 6 ವರ್ಷಗಳವರೆಗೆ ಇದರಲ್ಲಿ ಮುಂದುವರಿಯಬಹುದು. ನೌಕರನ ಪತ್ನಿ ಅಥವಾ ಪತಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ದೊರೆಯುವುದು ಎಚ್-4. ಎಚ್-4 ಹೊಂದಿದವರು ಅಲ್ಲಿ ವಾಸಿಸಬಹುದು, ವ್ಯಾಸಂಗ ಮಾಡಬಹುದು. ಆದರೆ ಅಷ್ಟರಿಂದಲೇ ದುಡಿಯುವ ಹಕ್ಕು ಪ್ರಾಪ್ತವಾಗುವುದಿಲ್ಲ. ಅದಕ್ಕೆ ಐ-765 ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಇ.ಎ.ಡಿ. ಎಂದು ಕರೆಯಲಾಗುವ ಉದ್ಯೋಗಾನುಮತಿ ಪತ್ರವನ್ನು ಪ್ರತ್ಯೇಕವಾಗಿ ಪಡೆಯಬೇಕು.

2015ಕ್ಕೆ ಮೊದಲು ಎಚ್-4 ಸಂಗಾತಿಗಳಿಗೆ ಈ ಅವಕಾಶವೇ ಇರಲಿಲ್ಲ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮವು ಕೆಲವರಿಗೆ ಮಾತ್ರ ಇದನ್ನು ಒದಗಿಸಿತು. ಮೊದಲ ವರ್ಷದಲ್ಲಿ 1,79,600 ಮಂದಿಯವರೆಗೆ ಅರ್ಹರಾಗಬಹುದೆಂದು ಅಲ್ಲಿನ ಸರ್ಕಾರ ಆಗ ಅಂದಾಜಿಸಿತ್ತು. ಇದರ ಪ್ರಯೋಜನ ಪಡೆದವರಲ್ಲಿ ಬಹುಪಾಲು ಭಾರತೀಯ ಮಹಿಳೆಯರು.

ಯಾರು ಅರ್ಹರು?

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಸಂಗಾತಿಯ ವಿದ್ಯಾರ್ಹತೆಗೂ ಅನುಭವಕ್ಕೂ ಈ ಅನುಮತಿಗೂ ಸಂಬಂಧವಿಲ್ಲ. ವೈದ್ಯೆಯಾಗಿರಲಿ, ಇಂಜಿನಿಯರ್ ಆಗಿರಲಿ, ಅರ್ಹತೆ ನಿರ್ಧಾರವಾಗುವುದು ಎಚ್-1ಬಿ ಹೊಂದಿರುವ ವ್ಯಕ್ತಿಯ ಗ್ರೀನ್ ಕಾರ್ಡ್ ಕಡತ ಯಾವ ಹಂತದಲ್ಲಿದೆ ಎಂಬುದರ ಮೇಲೆ.

ಗ್ರೀನ್ ಕಾರ್ಡ್, ಅಂದರೆ ಶಾಶ್ವತ ನಿವಾಸದ ಹಕ್ಕು, ಉದ್ಯೋಗದ ಆಧಾರದ ಮೇಲೆ ಸಾಮಾನ್ಯವಾಗಿ ಮೂರು ಹಂತಗಳಲ್ಲಿ ದೊರೆಯುತ್ತದೆ. ಮೊದಲನೆಯದು, ಆ ಹುದ್ದೆಗೆ ಅರ್ಹ ಅಮೆರಿಕನ್ ಕಾರ್ಮಿಕರು ಲಭ್ಯವಿಲ್ಲವೆಂದು ಅಲ್ಲಿನ ಕಾರ್ಮಿಕ ಇಲಾಖೆಯಿಂದ ಪಡೆಯುವ, ಪರ್ಮ್ ಎಂಬ ಹೆಸರಿನ ದೃಢೀಕರಣ. ಎರಡನೆಯದು, ಉದ್ಯೋಗದಾತರು ಸಲ್ಲಿಸುವ ಐ-140 ಅರ್ಜಿ. ಮೂರನೆಯದು, ಸರದಿ ಬಂದಾಗ ನೌಕರನೇ ಸಲ್ಲಿಸುವ ಅಂತಿಮ ಅರ್ಜಿ. ಕೆಳಗಿನ ಎರಡು ಸಂದರ್ಭಗಳ ಪೈಕಿ ಒಂದು ಅನ್ವಯವಾದರೆ ಮಾತ್ರ ಎಚ್-4 ಸಂಗಾತಿ ಅರ್ಹರು:

1. ನೌಕರನ ಐ-140 ಅರ್ಜಿ ಅನುಮೋದನೆಗೊಂಡಿರಬೇಕು, ಅಥವಾ

2. ಪರ್ಮ್ ಅಥವಾ ಐ-140 ಅರ್ಜಿ ಸಲ್ಲಿಸಿ 365 ದಿನಗಳು ಕಳೆದಿರುವ ಕಾರಣ, 2000ನೇ ಇಸವಿಯ ಕಾಯಿದೆಯೊಂದರ ಅನ್ವಯ ಆತನಿಗೆ 6 ವರ್ಷ ಮೀರಿಯೂ ಎಚ್-1ಬಿ ವಿಸ್ತರಣೆ ದೊರೆತಿರಬೇಕು.

ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000 ಮಾತ್ರ. ಸಾಮಾನ್ಯವಾಗಿ ಯಾವುದೇ ಒಂದು ದೇಶದಲ್ಲಿ ಜನಿಸಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯೂ ಇದೆ. ಭಾರತೀಯರು ದೀರ್ಘಕಾಲ ಸರದಿಯಲ್ಲಿ ಕಾಯುವುದು ಈ ಕಾರಣದಿಂದ. ಸರದಿ ಬರುವವರೆಗೆ ಸಂಗಾತಿಗೆ ದುಡಿಯಲು ದಾರಿಯಾಗಿರುವುದು ಐ-140 ಅನುಮೋದನೆಯೇ. ತಿಪಟೂರಿನ ಪ್ರಕರಣದಲ್ಲಿ ಅಳಿಯಂದಿರ ಕಡತ ಆಗಿನ್ನೂ ಪರ್ಮ್ ಹಂತದಲ್ಲಿತ್ತು.

ಅನುಮತಿ ದೊರೆತ ಮೇಲೆ ಮಾತ್ರ ಅದರ ವ್ಯಾಪ್ತಿ ವಿಶಾಲವಾದುದು. ಯಾವ ಉದ್ಯೋಗದಾತರ ಬಳಿಯಾದರೂ ಕೆಲಸ ಮಾಡಬಹುದು; ಸ್ವಂತ ವ್ಯಾಪಾರವನ್ನೂ ಆರಂಭಿಸಬಹುದು.

ನಿಯಮ ಎಷ್ಟು ಭದ್ರ?

ಈ ನಿಯಮವನ್ನು ಪ್ರಶ್ನಿಸಿ 2015ರಲ್ಲಿಯೇ ಸೇವ್ ಜಾಬ್ಸ್ ಯುಎಸ್‌ಎ ಎಂಬ ಸಂಘಟನೆ ನ್ಯಾಯಾಲಯದ ಮೆಟ್ಟಿಲೇರಿತು. ನಿಯಮವನ್ನೇ ರದ್ದುಗೊಳಿಸುವ ಪ್ರಸ್ತಾವವೊಂದು ಮುಂದಿನ ವರ್ಷಗಳಲ್ಲಿ ಸರ್ಕಾರದ ಮಟ್ಟದಲ್ಲಿಯೂ ಸಿದ್ಧವಾಗಿದ್ದು, 2021ರ ಜನವರಿಯಲ್ಲಿ ಅದನ್ನು ಕೈಬಿಡಲಾಯಿತು. 2024ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯವು ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮೇಲ್ಮನವಿಯ ವಿಚಾರಣೆಗೆ ನಿರಾಕರಿಸಿತು. ಹೀಗೆ ನ್ಯಾಯಾಲಯದ ಆತಂಕ ದೂರವಾದರೂ, ಇದು ಸಂಸತ್ತು ಅಂಗೀಕರಿಸಿದ ಕಾಯಿದೆಯಲ್ಲ, ಆಡಳಿತ ಇಲಾಖೆ ರೂಪಿಸಿದ ನಿಯಮ ಎಂಬುದನ್ನು ಮರೆಯಬಾರದು. ಇಲಾಖೆ ರೂಪಿಸಿದ್ದನ್ನು ಇಲಾಖೆಯೇ ಕ್ರಮಬದ್ಧವಾಗಿ ಹಿಂತೆಗೆದುಕೊಳ್ಳಲೂಬಹುದು.

ನವೀಕರಣದ ಅಂತರ

ಅನುಮತಿ ಪತ್ರದ ಅವಧಿ ಎಚ್-4 ಅವಧಿಯನ್ನು ಮೀರುವುದಿಲ್ಲ. ಪ್ರತಿ ಬಾರಿ ಎಚ್-4 ವಿಸ್ತರಣೆಯಾದಾಗ ಇದನ್ನೂ ನವೀಕರಿಸಬೇಕು. ಅವಧಿ ಮುಗಿಯುವ 180 ದಿನಗಳಿಗಿಂತ ಮೊದಲು ನವೀಕರಣದ ಅರ್ಜಿ ಸಲ್ಲಿಸುವಂತಿಲ್ಲ. ಅರ್ಜಿ ಸಕಾಲದಲ್ಲಿ ಸಲ್ಲಿಕೆಯಾಗಿದ್ದರೆ, ತೀರ್ಮಾನ ಬರುವವರೆಗೆ ಕೆಲವು ಷರತ್ತುಗಳೊಂದಿಗೆ ಗರಿಷ್ಠ 540 ದಿನಗಳ ತನಕ ಹಳೆಯ ಅನುಮತಿಯೇ ಮುಂದುವರಿಯುವ ಸೌಲಭ್ಯ ಹಿಂದೆ ಇತ್ತು. 2025ರ ಅಕ್ಟೋಬರ್ 30ರಂದು ಅಥವಾ ಅನಂತರ ಸಲ್ಲಿಸಿದ ಅರ್ಜಿಗಳಿಗೆ ಈ ಸೌಲಭ್ಯವನ್ನು ರದ್ದುಪಡಿಸಲಾಯಿತು. ಪರಿಣಾಮವಾಗಿ, ಹಳೆಯ ಪತ್ರದ ಅವಧಿ ಮುಗಿಯುವುದರೊಳಗೆ ಹೊಸದು ಕೈಸೇರದಿದ್ದರೆ ಕೆಲಸ ನಿಲ್ಲಿಸಲೇಬೇಕು. ಮೇಲಿನ ಲೆಕ್ಕದಲ್ಲಿ ಅಂತಹ ಅಂತರ 8 ತಿಂಗಳಾದರೆ, ಊರಿನಿಂದ ಭರಿಸಬೇಕಾದ ಕಂತುಗಳ ಮೊತ್ತ 4,40,800 ರೂಪಾಯಿ.

ಎಚ್-1ಬಿ ನೌಕರನ ಕೆಲಸವೇ ಹೋದರೆ, ಹೊಸ ಉದ್ಯೋಗದಾತರನ್ನು ಹುಡುಕಿಕೊಳ್ಳಲು ಸಾಮಾನ್ಯವಾಗಿ ದೊರೆಯುವ ಕಾಲಾವಕಾಶ ಗರಿಷ್ಠ 60 ದಿನಗಳು. ಸಂಗಾತಿಯ ಸ್ಥಾನಮಾನವೂ ಅದರೊಂದಿಗೆ ಅಲುಗಾಡುತ್ತದೆ. ಒಂದು ಸಮಾಧಾನದ ಅಂಶವೆಂದರೆ, ಐ-140 ಅನುಮೋದನೆಗೊಂಡು 180 ದಿನಗಳಾದ ಮೇಲೆ ಹಳೆಯ ಉದ್ಯೋಗದಾತರು ಅದನ್ನು ಹಿಂತೆಗೆದುಕೊಂಡರೂ, ಅಷ್ಟು ಮಾತ್ರಕ್ಕೆ ಆ ಅನುಮೋದನೆ ರದ್ದಾಗುವುದಿಲ್ಲ. 2017ರ ಜನವರಿಯಿಂದ ಈ ರಕ್ಷಣೆ ಜಾರಿಗೆ ಬಂದಿದೆ.

ಶಾಖೆ ತೆರೆಯುವ ಉದ್ಯಮಿಗಳಿಗೆ: ಎಲ್-1 ಮಾರ್ಗ

ಅಮೆರಿಕದಲ್ಲಿ ಶಾಖೆ ಅಥವಾ ಅಂಗಸಂಸ್ಥೆ ತೆರೆಯಲು ಉದ್ದೇಶಿಸಿರುವ ತಯಾರಕರು ಇನ್ನೊಂದು ವರ್ಗವನ್ನು ಗಮನಿಸಬೇಕು. ಹಿಂದಿನ 3 ವರ್ಷಗಳಲ್ಲಿ ಕನಿಷ್ಠ 1 ವರ್ಷ ಸತತವಾಗಿ ತಮ್ಮ ಸಂಸ್ಥೆಯಲ್ಲಿ ವ್ಯವಸ್ಥಾಪಕ ಹುದ್ದೆಯಲ್ಲಿ ಅಥವಾ ವಿಶೇಷ ಜ್ಞಾನದ ಹುದ್ದೆಯಲ್ಲಿ ದುಡಿದವರನ್ನು ಎಲ್-1 ವರ್ಗದಲ್ಲಿ ಕಳುಹಿಸಬಹುದು. ಹೊಸ ಕಚೇರಿಯಾದರೆ ಮೊದಲಿಗೆ 1 ವರ್ಷಕ್ಕೆ ಮಾತ್ರ ಮಂಜೂರಾಗುತ್ತದೆ.

ಇವರ ಸಂಗಾತಿಗೆ ದೊರೆಯುವ ಎಲ್-2 ವರ್ಗಕ್ಕೆ ಗ್ರೀನ್ ಕಾರ್ಡ್ ಕಡತದ ಷರತ್ತಿಲ್ಲ. 2021ರ ನವೆಂಬರ್‌ನಲ್ಲಿ ನ್ಯಾಯಾಲಯದ ವ್ಯಾಜ್ಯವೊಂದರಲ್ಲಿ ಆದ ರಾಜಿಯ ನಂತರ, ಎಲ್-2 ಸಂಗಾತಿಗೆ ಉದ್ಯೋಗದ ಹಕ್ಕು ಸ್ಥಾನಮಾನದೊಂದಿಗೇ ಬರುತ್ತದೆಂದು ಒಪ್ಪಲಾಯಿತು. ಪ್ರತ್ಯೇಕ ಅನುಮತಿ ಪತ್ರ ಕಡ್ಡಾಯವಲ್ಲ. ಆದರೆ ಆಗಮನ ದಾಖಲೆಯಾದ ಐ-94ರಲ್ಲಿ "ಎಲ್-2ಎಸ್" ಎಂದು ನಮೂದಾಗಿರಬೇಕು. ಬರಿದೇ "ಎಲ್-2" ಎಂದಿದ್ದರೆ ಕೆಲಸಕ್ಕೆ ಸೇರುವ ಮುನ್ನ ಸರಿಪಡಿಸಿಕೊಳ್ಳುವುದು ಕ್ಷೇಮ. ಮಗನನ್ನು ಶಾಖೆಗೆ ಕಳುಹಿಸುವಾಗ ಸೊಸೆಯ ಉದ್ಯೋಗದ ಪ್ರಶ್ನೆಯೂ ಇದ್ದರೆ ಈ ವ್ಯತ್ಯಾಸ ಸಣ್ಣದಲ್ಲ.

ಅಲ್ಲಿಂದಲೇ ಊರಿನ ಸಂಸ್ಥೆಯ ಕೆಲಸ ಮಾಡಬಹುದೇ?

ನಮ್ಮ ಕಚೇರಿಯಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. "ಮಗಳು ಅಲ್ಲಿ ಸುಮ್ಮನೆ ಕುಳಿತಿದ್ದಾಳೆ, ನಮ್ಮ ಸಂಸ್ಥೆಯ ಲೆಕ್ಕವನ್ನು ಕಂಪ್ಯೂಟರ್‌ನಲ್ಲಿ ನೋಡಿಕೊಳ್ಳಲಿ, ಸಂಬಳವನ್ನು ಇಲ್ಲಿಯ ಖಾತೆಗೇ ಜಮಾ ಮಾಡೋಣ" ಎಂಬುದು ಅನೇಕರ ಅಭಿಪ್ರಾಯ. ಅನುಮತಿ ಇಲ್ಲದ ಎಚ್-4 ಸಂಗಾತಿ ಅಮೆರಿಕದ ನೆಲದಲ್ಲಿ ಕುಳಿತು ಭಾರತದ ಸಂಸ್ಥೆಗೆ ಸಂಬಳಕ್ಕಾಗಿ ದುಡಿಯುವುದು ಸಮ್ಮತವೇ ಎಂಬ ಬಗ್ಗೆ ಅಲ್ಲಿನ ವಕೀಲರಲ್ಲಿಯೇ ಒಮ್ಮತವಿಲ್ಲ. ಅದನ್ನು ಅನಧಿಕೃತ ಉದ್ಯೋಗವೆಂದು ಪರಿಗಣಿಸಿದರೆ ಮುಂದೆ ಗ್ರೀನ್ ಕಾರ್ಡ್‌ಗೇ ತೊಡಕಾಗಬಹುದು. ಅಲ್ಪ ಲಾಭಕ್ಕಾಗಿ ಇಷ್ಟು ದೊಡ್ಡ ಅಪಾಯವನ್ನು ಎಳೆದುಕೊಳ್ಳುವುದು ವಿವೇಕವಲ್ಲ.

ಕೆಲಸ ಮಾಡದಿದ್ದರೂ ಮಗಳ ಹೆಸರಿನಲ್ಲಿ ಸಂಬಳ ಬರೆಯುವ ಪರಿಪಾಠವೂ ಕೆಲವೆಡೆ ಕಂಡುಬರುತ್ತದೆ. ಇಲ್ಲಿಯ ಲೆಕ್ಕಪುಸ್ತಕದಲ್ಲಿ ಸಂಬಳವೆಂದು ಬರೆದರೆ ಅದು ಅಲ್ಲಿ ದುಡಿಮೆಗೆ ಸಾಕ್ಷಿಯಾಗುತ್ತದೆ. ದುಡಿಮೆಯೇ ಇಲ್ಲವೆಂದರೆ ಇಲ್ಲಿ ಅದು ಒಪ್ಪತಕ್ಕ ಖರ್ಚಲ್ಲ. ಎರಡೂ ಕಡೆ ನಿಲ್ಲದ ಇಂತಹ ನಮೂದನ್ನು ಕೈಬಿಡುವುದೇ ಲೇಸು. ಪಾಲುದಾರಿಕೆ ಪತ್ರದಲ್ಲಿ ಮಗಳನ್ನು ಸಕ್ರಿಯ ಪಾಲುದಾರಳೆಂದು ತೋರಿಸಿ ಸಂಭಾವನೆ ನಿಗದಿಪಡಿಸಿದ್ದರೆ ಅದನ್ನೂ ತಿದ್ದುಪಡಿ ಮಾಡಬೇಕು.

ಬಂಡವಾಳದ ಮಾತು ಬೇರೆ. ಬಡ್ಡಿ, ಬಾಡಿಗೆ, ಲಾಭಾಂಶಗಳಂತಹ ಹೂಡಿಕೆಯ ಆದಾಯ ದುಡಿಮೆಯಲ್ಲ. ವಿದೇಶದಲ್ಲಿ ನೆಲೆಸಿದ ಭಾರತೀಯರು ಇಲ್ಲಿನ ಪಾಲುದಾರಿಕೆ ಸಂಸ್ಥೆಯಲ್ಲಿ ಬಂಡವಾಳ ತೊಡಗಿಸಲು, ಅದನ್ನು ಹೊರದೇಶಕ್ಕೆ ಮರಳಿ ಕೊಂಡೊಯ್ಯದ ಷರತ್ತಿನ ಮೇಲೆ, ವಿದೇಶಿ ವಿನಿಮಯ ನಿಯಮಗಳಲ್ಲಿ ಅವಕಾಶವಿದೆ. ಕೃಷಿ, ಪ್ಲಾಂಟೇಷನ್, ರಿಯಲ್ ಎಸ್ಟೇಟ್ ವ್ಯವಹಾರ ಮತ್ತು ಮುದ್ರಣ ಮಾಧ್ಯಮದ ಸಂಸ್ಥೆಗಳು ಇದಕ್ಕೆ ಹೊರತು. ಅವರ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಾಯಿಸುವುದು ಅವಶ್ಯಕ. ಅಮೆರಿಕದಲ್ಲಿ ತೆರಿಗೆಯ ದೃಷ್ಟಿಯಿಂದ ನಿವಾಸಿಯಾದವರು ಜಗತ್ತಿನ ಎಲ್ಲೆಡೆಯ ಆದಾಯವನ್ನು ಅಲ್ಲಿ ಘೋಷಿಸಬೇಕು. ಇಲ್ಲಿ ಪಾಲುದಾರರಿಗೆ ತೆರಿಗೆ ವಿನಾಯಿತಿ ಇರುವ ಲಾಭದ ಪಾಲಿಗೆ ಅಲ್ಲಿ ತೆರಿಗೆ ಬೀಳಬಹುದು. ವಿದೇಶಿ ಖಾತೆಗಳ ಒಟ್ಟು ಶಿಲ್ಕು ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ಮೀರಿದರೆ ಅದನ್ನೂ ಪ್ರತ್ಯೇಕವಾಗಿ ವರದಿ ಮಾಡಬೇಕು.

ಇತರ ದೇಶಗಳ ಬಗ್ಗೆ ಒಂದು ಮಾತು

ಒಂದು ದೇಶದ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿ ಲೆಕ್ಕ ಹಾಕಬಾರದು. ಕೆನಡಾ 2025ರ ಜನವರಿ 21ರಿಂದ ಸಂಗಾತಿಯ ಉದ್ಯೋಗಾನುಮತಿಯನ್ನು ಉನ್ನತ ಕೌಶಲ್ಯದ ಹಾಗೂ ಆಯ್ದ ಕೆಲವು ಹುದ್ದೆಗಳಲ್ಲಿರುವ ನೌಕರರ ಕುಟುಂಬಗಳಿಗೆ ಸೀಮಿತಗೊಳಿಸಿ, ನೌಕರನ ಅನುಮತಿಯಲ್ಲಿ ಕನಿಷ್ಠ 16 ತಿಂಗಳು ಉಳಿದಿರಬೇಕೆಂದು ವಿಧಿಸಿತು. ಬ್ರಿಟನ್‌ನಲ್ಲಿ ಕುಶಲ ನೌಕರರೊಂದಿಗೆ ತೆರಳಿದ ಸಂಗಾತಿಗೆ ದುಡಿಯಲು ಅವಕಾಶವಿದ್ದರೂ, 2024ರ ಮಾರ್ಚ್ 11ರ ನಂತರ ಹೊಸದಾಗಿ ಬರುವ ಆರೈಕೆ ಕಾರ್ಯಕರ್ತರು ಸಂಗಾತಿಯನ್ನು ಕರೆತರುವಂತೆಯೇ ಇಲ್ಲ.

ಮುನ್ನೆಚ್ಚರಿಕೆಗಳು

ಮಗಳ ಅಥವಾ ಸೊಸೆಯ ವಿದೇಶಿ ಸಂಬಳವನ್ನು ನಂಬಿ ಸಾಲ ಮಾಡುವ ಇಲ್ಲವೇ ಆಸ್ತಿ ಅಡಮಾನವಿಡುವ ಮುನ್ನ ಈ ಕೆಳಗಿನವುಗಳನ್ನು ಖಚಿತಪಡಿಸಿಕೊಳ್ಳಬೇಕು:

1. ನೌಕರನ ವೀಸಾ ಎಚ್-1ಬಿಯೋ, ಎಲ್-1 ವರ್ಗದ್ದೋ?

2. ಎಚ್-1ಬಿ ಆದರೆ 6 ವರ್ಷಗಳಲ್ಲಿ ಎಷ್ಟು ಸಂದಿವೆ? ಐ-140 ಅನುಮೋದನೆಯಾಗಿದೆಯೇ? ಆಗಿದ್ದರೆ ಯಾವ ದಿನಾಂಕದಂದು?

3. ಸಂಗಾತಿಯ ಐ-94 ಹಾಗೂ ಅನುಮತಿ ಪತ್ರ ಎಂದಿಗೆ ಮುಗಿಯುತ್ತವೆ? 180 ದಿನ ಮೊದಲಿನ ದಿನಾಂಕವನ್ನು ಗುರುತು ಹಾಕಿಕೊಂಡಿದ್ದಾರೆಯೇ?

4. ಒಂದೇ ಸಂಬಳದಲ್ಲಿ ಅಲ್ಲಿನ ಸಂಸಾರವೂ ಇಲ್ಲಿನ ಕಂತೂ ಸಾಗುತ್ತವೆಯೇ? ಸಾಗದಿದ್ದರೆ ಕನಿಷ್ಠ 8 ರಿಂದ 12 ಕಂತುಗಳಷ್ಟು ಹಣವನ್ನು ಠೇವಣಿಯಾಗಿ ತೆಗೆದಿರಿಸಲಾಗಿದೆಯೇ?

ಬೀಗರಾಗುವವರನ್ನು ಇಂತಹ ಪ್ರಶ್ನೆ ಕೇಳುವುದು ಅಗೌರವವೆಂದು ಅನೇಕರು ಸಂಕೋಚಪಡುತ್ತಾರೆ. ಸರಕು ಕಳುಹಿಸುವ ಮುನ್ನ ಗಿರಾಕಿಯ ಪಾವತಿಯ ಶಕ್ತಿಯನ್ನು ವಿಚಾರಿಸುವ ವರ್ತಕರು, ಮಗಳ ದುಡಿಮೆಯ ಹಕ್ಕಿನ ಬಗ್ಗೆ ವಿಚಾರಿಸಲು ಹಿಂಜರಿಯಬೇಕಾಗಿಲ್ಲ. ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಪ್ರತಿ ಅರ್ಜಿಗೂ ಮುನ್ನ ಅಮೆರಿಕದ ವಲಸೆ ವಕೀಲರ ಸಲಹೆಯನ್ನೂ, ಊರಿನ ಲೆಕ್ಕಪತ್ರಗಳ ಮಟ್ಟಿಗೆ ತಮ್ಮ ಲೆಕ್ಕ ಪರಿಶೋಧಕರ ಸಲಹೆಯನ್ನೂ ಪಡೆಯುವುದು ಸೂಕ್ತ.