ಉಸಿರಿನಲ್ಲಿ ಉದರದ ಸುಳಿವು

ಎದೆಯುರಿ, ಹುಳಿತೇಗು, ಮೇಲುಹೊಟ್ಟೆಯ ನೋವು ಇವುಗಳನ್ನು ಅರಿಯದ ಮನೆ ಅಪರೂಪ. 'ಪಿತ್ತ ಕೆರಳಿದೆ', 'ಖಾರ ಹೆಚ್ಚಾಯಿತು' ಎಂದು ನಾವೇ ನಿರ್ಣಯಿಸಿ, ಔಷಧದಂಗಡಿಯ ಮಾತ್ರೆಯೊಂದನ್ನು ನುಂಗಿ ಸುಮ್ಮನಾಗುತ್ತೇವೆ. ಈ ಲೇಖಕನೂ ಹಲವು ವರ್ಷ ಹಾಗೆಯೇ ಮಾಡಿದವನು. ಆ ಮಾತ್ರೆಯೇ ಮುಂದೆ ಒಂದು ಪರೀಕ್ಷೆಯನ್ನು ಹಾದಿ ತಪ್ಪಿಸಿದ ಸಂಗತಿಯನ್ನು ಓದುಗರ ಹಿತಕ್ಕಾಗಿ ನಿವೇದಿಸುತ್ತೇನೆ.

ಜಠರದ ಹುಣ್ಣಿಗೆ ಚಿಂತೆ ಮತ್ತು ಆಮ್ಲಗಳೇ ಕಾರಣವೆಂದು ವೈದ್ಯಲೋಕವು ಬಹುಕಾಲ ನಂಬಿತ್ತು. ಅಂಥ ತೀಕ್ಷ್ಣ ಆಮ್ಲದಲ್ಲಿ ರೋಗಾಣು ಬಾಳಲಾರದೆಂಬುದೇ ಸಾಮಾನ್ಯ ಅಭಿಪ್ರಾಯವಾಗಿತ್ತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅವರು ಜಠರದಲ್ಲಿ ನೆಲೆಸುವ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ನಂಬದವರಿಗೆ ಉತ್ತರವೆಂಬಂತೆ ಮಾರ್ಷಲ್ ಅವರು 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ರೋಗಾಣುವಿನ ಸೋಂಕು ಹೆಚ್ಚಾಗಿ ಬಾಲ್ಯದಲ್ಲಿ, ಮನೆಯೊಳಗೇ ತಗಲುತ್ತದೆ. ಬಹುಮಂದಿಗೆ ಅದರಿಂದ ಯಾವ ತೊಂದರೆಯೂ ತೋರದು. ಕೆಲವರಲ್ಲಿ ಹುಣ್ಣು, ಅತಿ ಕೆಲವರಲ್ಲಿ ಜಠರದ ಕ್ಯಾನ್ಸರ್ ಉಂಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಜಠರದಲ್ಲಿ ಅಡಗಿರುವುದನ್ನು ಉಸಿರಿನಿಂದ ಅರಿಯುವುದು ಹೇಗೆ? ಈ ರೋಗಾಣು ಯೂರಿಯೇಸ್ ಎಂಬ ಕಿಣ್ವವನ್ನು ಹೇರಳವಾಗಿ ಉತ್ಪಾದಿಸುತ್ತದೆ. ಅದು ಯೂರಿಯವನ್ನು ಒಡೆದು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಆಗಿಸುತ್ತದೆ. ಅಮೋನಿಯವು ಆಮ್ಲದಿಂದ ರೋಗಾಣುವನ್ನು ಕಾಯುವ ಕವಚ. ಈ ಕವಚವೇ ಅದರ ಗುಟ್ಟನ್ನು ಹೊರಗೆಡಹುತ್ತದೆ. ಪರೀಕ್ಷೆಗೆ ಬಂದವರು ಬರಿಹೊಟ್ಟೆಯಲ್ಲಿ ಒಂದು ಚೀಲಕ್ಕೆ ಉಸಿರೂದಬೇಕು. ಬಳಿಕ ಕಾರ್ಬನ್-13ರಿಂದ ಗುರುತಿಸಿದ ಯೂರಿಯದ ದ್ರಾವಣವನ್ನು ಕುಡಿದು, ಸುಮಾರು 30 ನಿಮಿಷಗಳ ನಂತರ ಮತ್ತೆ ಊದಬೇಕು. ರೋಗಾಣು ಇದ್ದರೆ ಆ ಗುರುತಿನ ಇಂಗಾಲವು ರಕ್ತದ ಮೂಲಕ ಶ್ವಾಸಕೋಶವನ್ನು ಸೇರಿ ಎರಡನೆಯ ಉಸಿರಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಕಾರ್ಬನ್-13 ವಿಕಿರಣ ಸೂಸುವುದಿಲ್ಲ. ಕಾರ್ಬನ್-14 ಬಳಸುವ ಪರೀಕ್ಷೆಯಲ್ಲಿ ಅತ್ಯಲ್ಪ ವಿಕಿರಣವಿರುವುದರಿಂದ ಗರ್ಭಿಣಿಯರಿಗೂ ಮಕ್ಕಳಿಗೂ ಅದನ್ನು ಸಾಮಾನ್ಯವಾಗಿ ಮಾಡುವುದಿಲ್ಲ.

ನಾನು ಎಡವಿದ್ದು ಇಲ್ಲಿಯೇ. ಆಮ್ಲ ತಗ್ಗಿಸುವ ಮಾತ್ರೆಯನ್ನು ಅಂದು ಬೆಳಿಗ್ಗೆಯೂ ನುಂಗಿದ್ದೆ. ಕೇಳಿದಾಗ 'ಯಾವ ಔಷಧವೂ ಇಲ್ಲ' ಎಂದೆ. ದಿನನಿತ್ಯದ ಆ ಮಾತ್ರೆ ಔಷಧವೆಂದು ನನಗೆ ತೋರಿರಲೇ ಇಲ್ಲ. ಸೋಂಕಿಲ್ಲವೆಂಬ ಫಲಿತಾಂಶ ಬಂತು, ನೋವು ಮಾತ್ರ ಉಳಿಯಿತು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಮಾತ್ರೆಗಳು ರೋಗಾಣುವನ್ನು ನಾಶಮಾಡದೆ ತಾತ್ಕಾಲಿಕವಾಗಿ ಕುಗ್ಗಿಸುತ್ತವೆ. ಅದು ಬೂದಿ ಮುಚ್ಚಿದ ಕೆಂಡ. ವೈದ್ಯರ ಸೂಚನೆಯಂತೆ ಮಾತ್ರೆ ನಿಲ್ಲಿಸಿ ಪುನಃ ಪರೀಕ್ಷಿಸಿದಾಗಲೇ ಸೋಂಕು ಪ್ರಕಟವಾಯಿತು. ಇಂಥ ಮಾತ್ರೆಗಳನ್ನು 2 ವಾರ, ಪ್ರತಿಜೀವಕ ಹಾಗೂ ಬಿಸ್ಮತ್ ಔಷಧಗಳನ್ನು 4 ವಾರ ಮೊದಲೇ ನಿಲ್ಲಿಸಿರಬೇಕೆಂಬುದು ನಿಯಮ. ಆದರೆ ವೈದ್ಯರನ್ನು ಕೇಳದೆ ಸ್ವಂತ ಇಚ್ಛೆಯಿಂದ ನಿಲ್ಲಿಸತಕ್ಕದ್ದಲ್ಲ.

ಚಿಕಿತ್ಸೆಯಲ್ಲಿ ಹಲವು ಔಷಧಗಳನ್ನು ಸಾಮಾನ್ಯವಾಗಿ 14 ದಿನ ತಪ್ಪದೆ ಸೇವಿಸಬೇಕು. ನಾಲ್ಕೇ ದಿನಗಳಲ್ಲಿ ನೋವು ತಗ್ಗಿತೆಂದು ಬಿಟ್ಟವರಲ್ಲಿ ರೋಗಾಣು ಉಳಿದು, ಔಷಧಕ್ಕೆ ಬಗ್ಗದಂತೆ ಬಲಿಯಬಹುದು. ಆದುದರಿಂದ ಚಿಕಿತ್ಸೆ ಮುಗಿದು ಕನಿಷ್ಠ 4 ವಾರಗಳಾದ ಮೇಲೆ ಮತ್ತೊಮ್ಮೆ ಉಸಿರಿನ ಪರೀಕ್ಷೆ ಅವಶ್ಯ. ರಕ್ತದಲ್ಲಿನ ಪ್ರತಿಕಾಯಗಳು ಗುಣವಾದ ಬಳಿಕವೂ ಬಹುಕಾಲ ಉಳಿಯುವುದರಿಂದ ರಕ್ತಪರೀಕ್ಷೆ ಇದಕ್ಕೆ ಒದಗದು.

ಉಸಿರಿನ ಪರೀಕ್ಷೆಯು ಹುಣ್ಣನ್ನಾಗಲಿ ಗಡ್ಡೆಯನ್ನಾಗಲಿ ತೋರಿಸಲಾರದು. ರಕ್ತವಾಂತಿ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು, ಎಂಡೋಸ್ಕೋಪಿ ಬೇಕಾದೀತು.

ಮನೆಯ ಹಿರಿಯರು ವೈದ್ಯರಲ್ಲಿಗೆ ಹೊರಟಾಗ ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಜೊತೆಗೆ ಕಳುಹಿಸಿರಿ. ನಮ್ಮ ಬಾಯಿ ಮರೆಮಾಚಿದರೆ ನಮ್ಮ ಉಸಿರೂ ನಿಜವನ್ನು ನುಡಿಯಲಾರದು.