ಉಪ್ಪಾಗೆಯೂ ಯಕೃತ್ತಿನ ಸಾಕ್ಷ್ಯವೂ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಘಟ್ಟದ ಕಾಡುಗಳನ್ನು ಬಲ್ಲವರಿಗೆ ಉಪ್ಪಾಗೆಯ ಮರ ಅಪರಿಚಿತವಲ್ಲ. ಅದರ ಹಣ್ಣು ಮಾಗುವುದು ಮಳೆಗಾಲದಲ್ಲಿ. ಬಿಸಿಲು ಕಾಣದ ಆ ದಿನಗಳಲ್ಲಿ ಸಿಪ್ಪೆಯನ್ನು ಬೆಂಕಿಯ ಶಾಖದಲ್ಲಿ ಒಣಗಿಸುತ್ತಾರೆ. ಬೀಜದಿಂದ ಉಪ್ಪಾಗೆ ತುಪ್ಪವನ್ನು ತೆಗೆಯುತ್ತಾರೆ. ಮುರುಗಲಿನ ಹತ್ತಿರದ ಬಂಧುವಾದ ಈ ಮರವನ್ನು ಸಸ್ಯಶಾಸ್ತ್ರಜ್ಞರು ಗಾರ್ಸೀನಿಯ ಗಮ್ಮಿ-ಗುಟ್ಟ ಎಂದು ಕರೆಯುತ್ತಾರೆ. ಗಾರ್ಸೀನಿಯ ಕ್ಯಾಂಬೋಜಿಯ ಎಂಬುದು ಅದರ ಹಳೆಯ ಹೆಸರು. ಅಡುಗೆಯ ಹುಳಿಯಾಗಿ ಈ ಸಿಪ್ಪೆ ತಲೆಮಾರುಗಳಿಂದ ಬಳಕೆಯಲ್ಲಿದೆ. ಆದರೆ ಅದರ ಸಾರವು ಗುಳಿಗೆಯ ರೂಪದಲ್ಲಿ ಹೊರದೇಶದ ಅಂಗಡಿಗಳನ್ನು ಸೇರಿದ ಮೇಲೆ ಹೊಸದೊಂದು ಪ್ರಶ್ನೆ ಹುಟ್ಟಿತು: ಇದರಿಂದ ಯಕೃತ್ತಿಗೆ ಹಾನಿಯುಂಟೆ?

ಈ ಕಥೆಯ ಮೊದಲ ಅಧ್ಯಾಯ ನಮ್ಮ ನಾಡಿನದೇ. ಉಪ್ಪಾಗೆಯ ಪ್ರಧಾನ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್. ದೇಹವು ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸುವಾಗ ಬೇಕಾಗುವ ಕಿಣ್ವವೊಂದನ್ನು ಈ ಆಮ್ಲ ತಡೆಯುತ್ತದೆಂದು 1969ರಲ್ಲಿ ಅಮೆರಿಕದ ಸಂಶೋಧಕರು ಕಂಡರು. ಮೈ ಇಳಿಸುವ ಗುಳಿಗೆಯ ವ್ಯಾಪಾರಕ್ಕೆ ಇಷ್ಟೇ ಸಾಕಾಯಿತು. 135 ಮಂದಿಯ ಮೇಲೆ ಹನ್ನೆರಡು ವಾರ ನಡೆಸಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಈ ಸಾರಕ್ಕೆ ಹುಸಿಗುಳಿಗೆಗಿಂತ ಹೆಚ್ಚಿನ ಗುಣವೇನೂ ಕಂಡುಬರಲಿಲ್ಲ. ಆದರೂ ವ್ಯಾಪಾರ ನಿಲ್ಲಲಿಲ್ಲ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೈಡ್ರಾಕ್ಸಿಕಟ್ ಎಂಬ ಗುಳಿಗೆಗಳನ್ನು ಸೇವಿಸಬಾರದೆಂದು ಜನರನ್ನು ಎಚ್ಚರಿಸಿತು. ಕಾಮಾಲೆಯಿಂದ ಹಿಡಿದು ಯಕೃತ್ತನ್ನೇ ಬದಲಾಯಿಸಬೇಕಾದವರೆಗೆ 23 ಗಂಭೀರ ವರದಿಗಳು ಅದರ ಕೈಸೇರಿದ್ದವು. ಒಂದು ಸಾವೂ ಸಂಭವಿಸಿತ್ತು. ಆ ಮಿಶ್ರಣಗಳಲ್ಲಿ ಹಲವು ವಸ್ತುಗಳಿದ್ದುದರಿಂದ ಅಪರಾಧಿ ಯಾವುದೆಂದು ಹೇಳುವಂತಿರಲಿಲ್ಲ.

ಇಂಥ ಪ್ರಶ್ನೆಯನ್ನು ವಿಜ್ಞಾನಿಗಳು ಮೊದಲು ಇಲಿಗಳ ಮುಂದಿಡುತ್ತಾರೆ. ಯಕೃತ್ತಿನ ಜೀವಕೋಶಗಳಲ್ಲಿ ಏಎಲ್‌ಟಿ, ಏಎಸ್‌ಟಿ ಎಂಬ ಎರಡು ಕಿಣ್ವಗಳು ಹೇರಳವಾಗಿವೆ. ಕೋಶವು ಗಟ್ಟಿಯಾಗಿರುವತನಕ ಅವು ಒಳಗೇ ಇರುತ್ತವೆ. ರಕ್ತದಲ್ಲಿ ಅವುಗಳ ಅಂಶ ಅತ್ಯಲ್ಪ. ತುಂಬಿದ ಕೊಡ ಬಿರುಕುಬಿಟ್ಟರೆ ಕೆಳಗಿನ ನೆಲ ತೇವವಾಗುವಂತೆ, ಕೋಶಕ್ಕೆ ಪೆಟ್ಟುಬಿದ್ದರೆ ಈ ಕಿಣ್ವಗಳು ರಕ್ತಕ್ಕೆ ಸೋರುತ್ತವೆ.

ಅವುಗಳನ್ನು ಅಳೆಯುವ ಉಪಾಯವು ಭೌತಶಾಸ್ತ್ರವನ್ನು ಬೋಧಿಸುವ ನಮ್ಮಂಥವರಿಗೆ ವಿಶೇಷವಾಗಿ ಹಿಡಿಸುವಂಥದು. ಏಎಲ್‌ಟಿಯ ಕೆಲಸದಿಂದ ಪೈರುವೇಟ್ ಎಂಬ ವಸ್ತು ಹುಟ್ಟುತ್ತದೆ. ಮತ್ತೊಂದು ಕಿಣ್ವವನ್ನು ಬೆರೆಸಿ ಅದನ್ನು ಲ್ಯಾಕ್ಟೇಟ್ ಆಗಿಸಿದಾಗ, ಪೈರುವೇಟಿನ ಪ್ರತಿಯೊಂದು ಅಣುವಿಗೂ ಎನ್‌ಎಡಿಎಚ್ ಎಂಬ ವಸ್ತುವಿನ ಒಂದು ಅಣು ವ್ಯಯವಾಗುತ್ತದೆ. ಎನ್‌ಎಡಿಎಚ್ 340 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣವನ್ನು ಹೀರಿಕೊಳ್ಳುತ್ತದೆ; ವ್ಯಯವಾದ ಮೇಲೆ ಉಳಿಯುವ ಅದರ ರೂಪ ಹೀರುವುದಿಲ್ಲ. ಆದ್ದರಿಂದ ಗಾಜಿನಂಥ ಚಿಕ್ಕ ಪಾತ್ರೆಯ ಮೂಲಕ ಹಾದುಬರುವ ಕಿರಣವು ನಿಮಿಷನಿಮಿಷಕ್ಕೂ ಪ್ರಬಲವಾಗುತ್ತ ಹೋಗುತ್ತದೆ. ಆ ಏರಿಕೆಯ ವೇಗವೇ ಕಿಣ್ವದ ಅಳತೆ. 1955ರಲ್ಲಿ ಆರ್ಥರ್ ಕಾರ್ಮೆನ್ ಏಎಸ್‌ಟಿಯನ್ನು ಅಳೆಯಲು ಪ್ರಕಟಿಸಿದ ವಿಧಾನದ ತತ್ತ್ವವೂ ಇದೇ.

ಅಂತಾರಾಷ್ಟ್ರೀಯ ನಿಯಮಗಳಿಗೆ ಅನುಗುಣವಾದ ತೊಂಬತ್ತು ದಿನಗಳ ಪರೀಕ್ಷೆಯಲ್ಲಿ ಕನಿಷ್ಠ ಮೂರು ಪ್ರಮಾಣಗಳನ್ನು ಪರಿಶೀಲಿಸಬೇಕು. ಪ್ರತಿ ಗುಂಪಿನಲ್ಲಿ ಹತ್ತು ಗಂಡು, ಹತ್ತು ಹೆಣ್ಣು ಇಲಿಗಳಾದರೂ ಇರಬೇಕು. ವಸ್ತುವನ್ನು ಕೊಡದ ಗುಂಪೊಂದು ಹೋಲಿಕೆಗೆ ಬೇಕೇಬೇಕು. ಕೊನೆಯಲ್ಲಿ ರಕ್ತವನ್ನು ಪರೀಕ್ಷಿಸಿದರಷ್ಟೇ ಸಾಲದು. ಯಕೃತ್ತನ್ನು ತೂಗಿ, ಅದರ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಏಕೆಂದರೆ ನೆಲ ತೇವವಾದ ಮಾತ್ರಕ್ಕೆ ಒಡೆದದ್ದು ಆ ಕೊಡವೇ ಎನ್ನಲಾಗದು. ಏಎಸ್‌ಟಿ ಹೃದಯದಲ್ಲಿಯೂ ಮಾಂಸಖಂಡಗಳಲ್ಲಿಯೂ ಇದೆ. ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದರೂ ಅದರ ಅಂಕೆ ಏರುತ್ತದೆ. ಏಎಲ್‌ಟಿಯ ಮಾತು ಯಕೃತ್ತಿನ ಮಟ್ಟಿಗೆ ಹೆಚ್ಚು ನಂಬಲರ್ಹ.

ಹಾಗಾದರೆ ಗಾರ್ಸೀನಿಯದ ವಿಷಯದಲ್ಲಿ ಪ್ರಾಣಿಗಳು ಏನೆಂದು ಸಾಕ್ಷಿ ನುಡಿದಿವೆ? ಕೊಬ್ಬು ಹೆಚ್ಚಾದ ಆಹಾರದ ಜೊತೆಗೆ ಇದರ ಸಾರವನ್ನು ಹದಿನಾರು ವಾರ ತಿಂದ ಚಿಟ್ಟಿಲಿಗಳ ಕುರಿತ ಕೊರಿಯದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವುಗಳ ಹೊಟ್ಟೆಯ ಕೊಬ್ಬು ಕಡಿಮೆಯಾಗಿತ್ತು. ಆದರೆ ಎರಡು ಕಿಣ್ವಗಳೂ ಏರಿದ್ದವು, ಯಕೃತ್ತಿನಲ್ಲಿ ನಾರಿನಂಥ ಕೊಲಾಜೆನ್ ಹೆಚ್ಚಾಗಿ ಕೂಡಿಕೊಂಡಿತ್ತು. ಇಲಿಗಳ ಮೇಲೆ ನಡೆದ ಬೇರೆ ಪರೀಕ್ಷೆಗಳಲ್ಲಿಯಾದರೋ ಇಂಥ ಹಾನಿ ತೋರಲಿಲ್ಲ. ಪ್ರಾಣಿ, ಪ್ರಮಾಣ, ಆಹಾರ, ಸಾರವನ್ನು ತಯಾರಿಸಿದ ಬಗೆ ಇವುಗಳಲ್ಲಿ ಒಂದು ಬದಲಾದರೂ ಉತ್ತರ ಬದಲಾಗಬಹುದು.

ಇಲಿಗಳೆಲ್ಲವೂ ಆರೋಗ್ಯದಿಂದಿದ್ದರೂ ಮನುಷ್ಯನಿಗೆ ಅಭಯ ದೊರೆತಂತಾಗಲಿಲ್ಲ. ಗಾರ್ಸೀನಿಯವನ್ನು ಸೇವಿಸಿ ಯಕೃತ್ತು ಕೆಟ್ಟವರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಆನುವಂಶಿಕ ಗುಣವು ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡುಬಂದಿತೆಂದು 2022ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಸಾವಿರಾರು ಮಂದಿಯಲ್ಲಿ ಎಲ್ಲೋ ಒಬ್ಬರಿಗೆ, ಅವರ ಹುಟ್ಟುಗುಣದ ದೆಸೆಯಿಂದ ಬರುವ ಇಂಥ ಕೇಡು ಒಂದೇ ತಳಿಯ ಇಪ್ಪತ್ತು ಇಲಿಗಳಲ್ಲಿ ಹೇಗೆ ಕಂಡೀತು? ಇಲಿಯ ರಕ್ತದಲ್ಲಿ ಕಿಣ್ವ ಏರಿದರೆ ಅದು ಎಚ್ಚರಿಕೆ. ಏರದಿದ್ದರೆ ಅದು ಪೂರ್ಣ ಭರವಸೆಯಲ್ಲ.

ವಾಚಕರು ಇದರಿಂದ ಉಪ್ಪಾಗೆಯ ಹುಳಿಗೆ ಅಂಜಬೇಕಾಗಿಲ್ಲ. ಊಟದ ಹುಳಿಯೂ ದಿನಕ್ಕೆರಡು ಮೂರು ಸಲ ನುಂಗುವ ಸಾರದ ಗುಳಿಗೆಯೂ ಒಂದೇ ಅಲ್ಲವೆಂಬುದನ್ನು ಮಾತ್ರ ಮರೆಯಬಾರದು. “ನಮ್ಮ ಕಾಡಿನದೇ ಹಣ್ಣು, ಏನಾದೀತು?” ಎಂಬ ಮಾತು ಗುಳಿಗೆಗೆ ಅನ್ವಯಿಸದು. ಅದನ್ನು ತೆಗೆದುಕೊಳ್ಳುತ್ತಿರುವವರಿಗೆ ವಾಕರಿಕೆ, ಮೈತುರಿಕೆ, ಕಂದುಬಣ್ಣದ ಮೂತ್ರ, ಕಣ್ಣಿನ ಹಳದಿ ಕಾಣಿಸಿಕೊಂಡರೆ ಗುಳಿಗೆಯನ್ನು ಕೂಡಲೇ ನಿಲ್ಲಿಸಬೇಕು. ಡಬ್ಬಿಯನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿಗೆ ಹೋಗಬೇಕು. ಇಲಿ ಹೇಳದೆ ಬಿಟ್ಟದ್ದನ್ನು ಅಲ್ಲಿ ತೆಗೆದ ಒಂದಿಷ್ಟು ರಕ್ತ ಹೇಳಬಲ್ಲದು.